ಸ್ಪಷ್ಟನೆ: ಡ್ಯಾಶ್‌ಬೋರ್ಡ್ ಹಿಂದಿನ ನೀರಿನ ಸದ್ದಿಗೆ ಎಂಜಿನ್ ಬಿಚ್ಚಬೇಕಿಲ್ಲ

‘ಡ್ಯಾಶ್‌ಬೋರ್ಡ್ ಹಿಂದೆ ನೀರು ಕುಲುಕಿದ ಸದ್ದು ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ, ಕೆಳಗಿನ ಭಾಗಗಳ ನಡುವಿನ ಸೀಲ್) ಹೋಯ್ತು ಅಂತಲೇ ಅರ್ಥ’ ಎಂಬ ಮೆಸೇಜ್ ಓಡಾಡುತ್ತಿದೆ. ಸುಮ್ನೆ ಹೆದರಿಸುವ ಮಾತು. ಸದ್ದು ಯಾವಾಗ ಬರುತ್ತದೆ, ಅದನ್ನು ಗಮನಿಸಿ.

ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಕುಲುಕಿದರೆ ಹೆಚ್ಚಾಗಿ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರುತ್ತದೆ. ಸೆಕೆಯಲ್ಲಿ ಎಸಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಾಡಿ ಕೆಳಗೆ ಬಗ್ಗಿ ನೋಡಿ. ಒಂದು ಹನಿಯೂ ತೊಟ್ಟಿಕ್ಕುತ್ತಿಲ್ಲ, ಒಳಗೆ ಮ್ಯಾಟ್ ಮಾತ್ರ ಒದ್ದೆ ಅಂದ್ರೆ ಅದೇ. ಮಳೆಯ ನಂತರ ಮಾತ್ರ ಸದ್ದಾದರೆ ವೈಪರ್ ಬುಡದ ತೂತುಗಳಲ್ಲಿ ಎಲೆ ಸಿಕ್ಕಿಕೊಂಡಿರಬಹುದು.

ಆಕ್ಸಿಲರೇಟರ್ ಒತ್ತಿದಾಗ ಗುಳುಗುಳು ಅಂದರೆ ಹೀಟರ್ ಕೋರ್‌ನಲ್ಲಿ (ಗಾಡಿಯ ಒಳಗೆ ಬಿಸಿಗಾಳಿ ಕೊಡಲು ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್) ಗಾಳಿ ಸೇರಿರುವ ಸಾಧ್ಯತೆ ಜಾಸ್ತಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಎಷ್ಟಿದೆ ನೋಡಿ. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬೇಡಿ. ತುಂಬಿಸಿ, ಗಾಳಿ ತೆಗೆಸಿದರೂ ಕೂಲೆಂಟ್ ಮತ್ತೆ ಮತ್ತೆ ಇಳಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಆಗ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.