ಸ್ಪಷ್ಟನೆ: ನಮ್ಮ ಬಂಗಲೆ 1342ರದ್ದಲ್ಲ

ಕಲಬುರಗಿಯ ನಮ್ಮ ಹಳೆಯ ಬಂಗಲೆ ಮಾರಾಟಕ್ಕಿದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಮಾತು ನಿಜ. ಆದರೆ ಅದು "1342ರಲ್ಲಿ ಕಟ್ಟಿದ್ದು, ಬಹಮನಿಗಳಿಗಿಂತ ಹಳೆಯದು, ಆಮೇಲೆ ಬ್ರಿಟಿಷ್ ಕಲೆಕ್ಟರ್ ಇದ್ದ ಮನೆ" ಅನ್ನುವುದು ತಪ್ಪು.

ಆ 1342 ಬಂದಿದ್ದು ನಮ್ಮ ಉರ್ದು ಖರೀದಿ ಪತ್ರದಿಂದ. ಅದು ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ನಿಜಾಮರ ಕಾಲದ ಕಾಗದಗಳಲ್ಲಿ ಇದೇ ಲೆಕ್ಕ ಇರುತ್ತಿತ್ತು. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ: 1932-33. ಪಡಸಾಲೆಯಲ್ಲಿ ತಲೆ ಎತ್ತಿ ನೋಡಿದ್ದರೂ ಸಾಕಿತ್ತು. ಕಬ್ಬಿಣದ ಗರ್ಡರ್ ಮೇಲೆ ಶಹಾಬಾದ್ ಕಲ್ಲು ಹಾಸಿದೆ. ಬಹಮನಿ ಸುಲ್ತಾನರಿಗೆ ಗರ್ಡರ್ ಎಲ್ಲಿಂದ ಬರಬೇಕು, ಅಲ್ವಾ?

ಇನ್ನು ಕಲೆಕ್ಟರ್ ಸಾಹೇಬರು. 1948ರ ಸೆಪ್ಟೆಂಬರ್‌ವರೆಗೆ ಈ ಊರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜಿಲ್ಲೆಯ ದೊಡ್ಡ ಅಧಿಕಾರಿಗೆ ಅವ್ವಲ್ ತಾಲೂಕ್‌ದಾರ್ ಎನ್ನುತ್ತಿದ್ದರು. ಅವರೂ ಇಲ್ಲಿರಲಿಲ್ಲ. ಇದ್ದವರು ತೊಗರಿ ವ್ಯಾಪಾರ ಮಾಡುತ್ತಿದ್ದ ನಮ್ಮಜ್ಜ.

"ಎಲ್ಲಾ ಮೊದಲಿನದೇ" ಅನ್ನುವುದೂ ಪೂರ್ತಿ ಸರಿಯಲ್ಲ. ಸಾಗವಾನಿ ಬಾಗಿಲು, ನೆಲ, ಕಿಟಕಿಯ ಸರಳು ಹಳೆಯವು. ಅಡುಗೆಮನೆಗೆ, ಬಚ್ಚಲಿಗೆ ಟೈಲ್ಸ್ ಹಾಕಿಸಿದ್ದೇವೆ. ಬೆಲೆ ಕಡಿಮೆ ಇಟ್ಟಿರುವುದು ನಿಜ. ಗಲ್ಲಿ ಇಕ್ಕಟ್ಟು, ಕಾರು ಬಾಗಿಲವರೆಗೆ ಬರುವುದಿಲ್ಲ.