ಗ್ಯಾಲರಿ ತುಂಬಿದರೆ ಕ್ಲಬ್ಬು ದೊಡ್ಡದೇ?

ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳ ಜಗಳ ಯಾವ ಗೋಲಿನಿಂದ ಶುರುವಾದರೂ ತಲೆ ಎಣಿಕೆಗೆ ಬಂದು ನಿಲ್ಲುತ್ತದೆ. ‘ನಿಮ್ಮ ಕಂಠೀರವ ಕ್ರೀಡಾಂಗಣಕ್ಕೆ ಎಷ್ಟು ಜನ ಬಂದಿದ್ದರು?’ ಎಂದು ಒಬ್ಬರು ಕೇಳಿದರೆ, ‘ನಿಮ್ಮ ಕಪಾಟಿನಲ್ಲಿ ಎಷ್ಟು ಕಪ್ ಇವೆ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಬೆಂಗಳೂರಿನ ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಇಬ್ಬರು ಇದನ್ನು ಊಟದ ಮೇಜಿನಲ್ಲಿ ಸಾಕಷ್ಟು ಎಳೆದಾಡಿದ ಮೇಲೆ ಬರೆಯಲು ಕುಳಿತಿದ್ದಾರೆ.

ಪರ: ಮಾಲೀಕರು ಹೋಗುತ್ತಾರೆ, ಗ್ಯಾಲರಿ ಇರುತ್ತದೆ

ನಾನು ಕಾಸರಗೋಡಿನವನು. ಮನೆಮಾತು ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ. ಫುಟ್‌ಬಾಲ್ ವಿಚಾರದಲ್ಲಿ ಮಾತ್ರ ಬ್ಲಾಸ್ಟರ್ಸ್ ತಂಡದ ಹಳದಿ ಅಂಗಿ. ಇದಕ್ಕಾಗಿ ಕಚೇರಿಯಲ್ಲಿ ದಿನವೂ ಬೈಸಿಕೊಳ್ಳುತ್ತೇನೆ, ಅದು ಇರಲಿ.

ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) 2016ರ ಡಿಸೆಂಬರ್ 18ರ ಫೈನಲ್‌ಗೆ ಮುನ್ನಾದಿನವೇ ರಾತ್ರಿಯ ರೈಲು ಹಿಡಿದು ತಂಡದ ತವರಾದ ಕೊಚ್ಚಿಗೆ ಹೋಗಿದ್ದೆ. ಪಂದ್ಯ ಸಂಜೆ, ಆದರೆ ಮಧ್ಯಾಹ್ನಕ್ಕೇ ಕ್ರೀಡಾಂಗಣವಿರುವ ಕಲೂರಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಐವತ್ತು ಸಾವಿರಕ್ಕೂ ಮೇಲ್ಪಟ್ಟ ಜನ. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಫಿ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದಾಗ ನನ್ನ ಕಾಲಡಿಯ ಸಿಮೆಂಟ್ ಮೆಟ್ಟಿಲು ನಡುಗಿತು. ಇದು ಉತ್ಪ್ರೇಕ್ಷೆಯಲ್ಲ, ಅಂಗೈ ಊರಿ ನೋಡಿದ್ದೆ. ಆಮೇಲೆ ಎದುರಾಳಿ ಕೋಲ್ಕತ್ತ ಸಮ ಮಾಡಿತು, ಪೆನಾಲ್ಟಿಯಲ್ಲಿ ಗೆದ್ದಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಗೆದ್ದರೆ ತಿನ್ನೋಣವೆಂದು ಪೇಪರಿನಲ್ಲಿ ಸುತ್ತಿ ತಂದಿದ್ದ ಪಳಂಪೊರಿಯನ್ನು (ಬಾಳೆಹಣ್ಣಿನ ಬಜ್ಜಿ) ಬಿಡಿಸಿ, ಅರ್ಧ ಮುರಿದು ನನ್ನ ಕೈಗಿಟ್ಟರು. ತಣ್ಣಗಾಗಿ ತೊಗಲಿನಂತಾಗಿತ್ತು. ಇಬ್ಬರೂ ಮಾತಿಲ್ಲದೆ ತಿಂದೆವು. ಮುಂದಿನ ವರ್ಷವೂ ಆ ಗ್ಯಾಲರಿ ತುಂಬಿತು.

ನನ್ನ ವಾದ ಇಷ್ಟೇ. 2014ರಲ್ಲಿ ಕ್ಲಬ್ ಶುರುವಾದಾಗ ಸಚಿನ್ ತೆಂಡೂಲ್ಕರ್ ಸಹಮಾಲೀಕರು. 2016ರಲ್ಲಿ ಚಿರಂಜೀವಿ, ನಾಗಾರ್ಜುನ ಬಂದರು. 2018ರಲ್ಲಿ ಸಚಿನ್ ತಮ್ಮ ಪಾಲು ಮಾರಿ ಹೊರಟರು. ಕೋಚ್‌ಗಳ ಹೆಸರು ನೆನಪಿಟ್ಟುಕೊಳ್ಳಲು ಡೈರಿಯೇ ಬೇಕು. ಇವರೆಲ್ಲ ಬಂದು ಹೋಗುವಾಗ ಕದಲದೆ ಕುಳಿತವರು ಟಿಕೆಟ್ ಕೊಂಡವರು ಮಾತ್ರ. ಹಾಗಾದರೆ ಕ್ಲಬ್ ಎಂದರೆ ಯಾರು?

ಗೆಳೆಯರು ಕಪ್ ಎಣಿಸುತ್ತಾರೆ. ನಾವು ಮೂರು ಫೈನಲ್ ಆಡಿ ಮೂರರಲ್ಲೂ ಸೋತಿದ್ದೇವೆ, ಒಪ್ಪಿದೆ. ಮೂರನೆಯದು 2022ರಲ್ಲಿ ಗೋವಾದ ಫಾತೋರ್ಡಾದಲ್ಲಿ, ಮತ್ತೆ ಪೆನಾಲ್ಟಿಯಲ್ಲಿ. ಅಂದು ಕಪ್ ಎತ್ತಿದವರು ಹೈದರಾಬಾದಿನವರು. ಆ ಹೈದರಾಬಾದ್ ಈಗ ಎಲ್ಲಿದೆ? ಎರಡು ವರ್ಷ ತುಂಬುವ ಮೊದಲೇ ಸಂಬಳ ಸಿಗದೆ ಆಟಗಾರರು ಒಬ್ಬೊಬ್ಬರಾಗಿ ಹೊರನಡೆದರು. 2025ರಲ್ಲಿ ಕ್ಲಬ್ಬೇ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಪುಣೆಯ ಕ್ಲಬ್ 2019ರಲ್ಲಿ ಮುಚ್ಚಿತು. ಅದೇ ವರ್ಷ ದೆಹಲಿಯ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಕೊಚ್ಚಿಯಿಂದ ಕ್ಲಬ್ಬನ್ನು ಹೀಗೆ ಎತ್ತಿಕೊಂಡು ಹೋಗುವ ಧೈರ್ಯ ಯಾವ ಮಾಲೀಕನಿಗಿದೆ? ರೈಲ್ವೆ ನಿಲ್ದಾಣದಲ್ಲೇ ಜನ ತಡೆದು ನಿಲ್ಲಿಸುತ್ತಾರೆ.

ಜನ ಬರುವುದರಿಂದ ಬರುವ ಬಲ ಹಣದ್ದಷ್ಟೇ ಅಲ್ಲ. ಬರುವ ಜನ ಬಾರದಿರುವ ಬೆದರಿಕೆಯನ್ನೂ ಹಾಕಬಲ್ಲರು. 2024ರ ಡಿಸೆಂಬರ್‌ನಲ್ಲಿ ತಂಡ ಸಾಲಾಗಿ ಸೋಲುತ್ತಿದ್ದಾಗ ನಮ್ಮ ಮಂಜಪ್ಪಡ ಅಭಿಮಾನಿ ಬಳಗ ಟಿಕೆಟ್ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ ಎಂದು ಸಾರಿತು. ಅದೇ ತಿಂಗಳು ಕೋಚ್ ಮನೆಗೆ ಹೋದರು. ಇದರಿಂದಲೇ ಹೋದರು ಎಂದು ನಾನು ಹೇಳಲಾರೆ. ಆದರೆ ಖಾಲಿ ಕುರ್ಚಿಗಳ ಭಯ ಇರಬೇಕಾದರೆ ಮೊದಲು ಕುರ್ಚಿಗಳು ತುಂಬಿರಬೇಕಲ್ಲವೇ? ಮೊದಲೇ ಅರ್ಧ ಖಾಲಿಯಿರುವ ಮೈದಾನದವರು ಬಹಿಷ್ಕಾರ ಹಾಕಿದರೆ ಅದು ಗೊತ್ತಾಗುವುದು ಕಡಲೆಕಾಯಿ ಮಾರುವವನಿಗೆ ಮಾತ್ರ.

ವಿರೋಧ: ಎಣಿಸಿದ್ದು ಯಾರು, ಖರ್ಚು ಕೊಟ್ಟದ್ದು ಯಾರು?

ಪಳಂಪೊರಿಯ ಕಥೆಯನ್ನು ನಾನು ಹನ್ನೊಂದನೇ ಸಲ ಕೇಳುತ್ತಿದ್ದೇನೆ. ಪ್ರತಿ ಸಲವೂ ಚೆನ್ನಾಗಿದೆ. ಈಗ ಲೆಕ್ಕಕ್ಕೆ ಬರೋಣ.

ಇಪ್ಪತ್ತು ಸಾವಿರ ಜನ ತಲಾ ಮುನ್ನೂರು ರೂಪಾಯಿ ಕೊಟ್ಟು ಬಂದರು ಎಂದಿಟ್ಟುಕೊಳ್ಳಿ. ಒಂದು ಪಂದ್ಯಕ್ಕೆ ಅರವತ್ತು ಲಕ್ಷ. 2024-25ರಲ್ಲಿ ತವರಿನಲ್ಲಿ ಹನ್ನೆರಡು ಲೀಗ್ ಪಂದ್ಯಗಳಿದ್ದವು. ಪ್ರತಿಯೊಂದಕ್ಕೂ ಇಷ್ಟೇ ಜನ ಬಂದರೂ ಏಳು ಕೋಟಿ ಇಪ್ಪತ್ತು ಲಕ್ಷ. ಇದರಲ್ಲೇ ತೆರಿಗೆ, ಮೈದಾನದ ಬಾಡಿಗೆ, ದೀಪದ ಖರ್ಚು, ಭದ್ರತೆ ಎಲ್ಲ ಕಳೆಯಬೇಕು. ಹಲವು ಋತುಗಳ ಕಾಲ ಒಂದು ತಂಡದ ಆಟಗಾರರ ಸಂಬಳಕ್ಕೆ ಲೀಗ್ ಹಾಕಿದ್ದ ಮಿತಿಯೇ 16.5 ಕೋಟಿ. ವಿಮಾನ, ಹೋಟೆಲ್, ಕೋಚ್, ವೈದ್ಯರು, ಕಿರಿಯರ ತಂಡ ಅದರ ಹೊರಗೆ. ಅಂದರೆ ಗ್ಯಾಲರಿ ತುಂಬಿಸಿದ ಜನ ಕ್ಲಬ್ಬಿಗೆ ಊಟದ ಜೊತೆಗಿನ ಉಪ್ಪಿನಕಾಯಿಯ ಖರ್ಚು ಕೊಡುತ್ತಿದ್ದಾರೆ. ಅನ್ನ ಹಾಕುತ್ತಿರುವವರು ಬೇರೆ.

ಇನ್ನೊಂದು ಲೆಕ್ಕ, ಇದು ನನಗೆ ತುಂಬ ಪ್ರಿಯವಾದದ್ದು. 2023ರ ಮಾರ್ಚ್ 3, ಕಂಠೀರವ, ಪ್ಲೇ-ಆಫ್ ಪಂದ್ಯದ ಹೆಚ್ಚುವರಿ ಸಮಯ. ಗೋಲ್‌ಕೀಪರ್ ಇನ್ನೂ ಆಟಗಾರರ ಗೋಡೆ ಕಟ್ಟಿಸುತ್ತಿರುವಾಗಲೇ ನಮ್ಮ ಸುನಿಲ್ ಚೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು. ಬ್ಲಾಸ್ಟರ್ಸ್ ಕೋಚ್ ತಮ್ಮ ಹುಡುಗರನ್ನು ಕರೆದುಕೊಂಡು ಹೊರಗೆ ನಡೆದರು, ಮರಳಿ ಬರಲಿಲ್ಲ. ಭಾರತದ ಫುಟ್‌ಬಾಲ್ ಫೆಡರೇಷನ್ ಹಾಕಿದ ದಂಡ 4 ಕೋಟಿ ರೂಪಾಯಿ. ಮುನ್ನೂರರ ಟಿಕೆಟ್‌ನಲ್ಲಿ ಅದನ್ನು ತುಂಬಲು 1,33,000ಕ್ಕೂ ಹೆಚ್ಚು ಜನ ಬೇಕು. ಕೊಚ್ಚಿಯನ್ನು ಎರಡು ಸಲ ತುಂಬಿಸಿದರೂ ಸಾಲದು. ಒಬ್ಬ ಕೋಚ್ ಸಿಟ್ಟಿನಲ್ಲಿ ಹತ್ತು ಹೆಜ್ಜೆ ನಡೆದದ್ದಕ್ಕೆ ಇಷ್ಟು ಅಭಿಮಾನಿಗಳ ದುಡ್ಡು ಖರ್ಚು!

ಎಣಿಕೆಯ ಬಗ್ಗೆಯೂ ಒಂದು ಮಾತು. ಮಾರಿದ ಟಿಕೆಟ್, ಹಂಚಿದ ಪಾಸ್, ಗೇಟು ದಾಟಿದ ತಲೆ, ಇವು ಮೂರೂ ಬೇರೆ ಬೇರೆ ಸಂಖ್ಯೆಗಳು. ಘೋಷಣೆಯಾಗುವುದು ಯಾವುದು ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ಒಂದು ಮೈದಾನದಲ್ಲಿ (ಊರಿನ ಹೆಸರು ಬೇಡ) ಆಟ ಬೇಸರ ತರಿಸಿದ್ದರಿಂದ ಎದುರು ಸ್ಟ್ಯಾಂಡನ್ನು ಸಾಲು ಸಾಲಾಗಿ ಎಣಿಸುತ್ತ ಕುಳಿತಿದ್ದೆ. ಘೋಷಿಸಿದ ಸಂಖ್ಯೆ ನಿಜವಾಗಬೇಕಾದರೆ ಪ್ರತಿಯೊಬ್ಬರ ತೊಡೆಯ ಮೇಲೂ ಇನ್ನೊಬ್ಬರು ಕುಳಿತಿರಬೇಕಿತ್ತು. ಇನ್ನು ಕೊಚ್ಚಿಯ ಆ ಹಳೆಯ ದೊಡ್ಡ ಸಂಖ್ಯೆಗಳು ಮತ್ತೆ ಬರುವಂಥವಲ್ಲ. 2017ರ ಹದಿನೇಳರೊಳಗಿನವರ ವಿಶ್ವಕಪ್ ಹೊತ್ತಿಗೆ ಸುರಕ್ಷತೆಯ ಕಾರಣಕ್ಕೆ ಅಲ್ಲಿನ ಆಸನಗಳನ್ನೇ ಕಡಿಮೆ ಮಾಡಿದರು.

ಗೆಳೆಯರ ಒಂದು ಚುಚ್ಚುಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಬ್ಲಾಸ್ಟರ್ಸ್ ಬಂದ ದಿನ ಮಾತ್ರ ಕಂಠೀರವಕ್ಕೆ ಕಳೆ ಬರುತ್ತದೆ ಎಂದು ಅವರು ಊಟದ ಮೇಜಿನಲ್ಲಿ ಹೇಳುತ್ತಾರೆ, ಬರಹದಲ್ಲಿ ಮಾತ್ರ ಜಾಣತನದಿಂದ ಬಿಟ್ಟಿದ್ದಾರೆ. ನಿಜ, ಅಂದು ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳೆಲ್ಲ ಹಳದಿ. ಎಲ್ಲರೂ ಇದೇ ಊರಿನಲ್ಲಿ ಬಾಡಿಗೆ ಕಟ್ಟಿಕೊಂಡಿರುವವರು. ಆದರೆ ಅವರ ಟಿಕೆಟ್ ಹಣ ಬೆಂಗಳೂರಿನ ಪೆಟ್ಟಿಗೆಗೆ ಬೀಳುತ್ತದೆ, ಕೂಗು ಮಾತ್ರ ಕೊಚ್ಚಿಯ ಪಾಲು. ಈ ತಲೆಗಳನ್ನು ಯಾವ ಕ್ಲಬ್ಬಿನ ಖಾತೆಗೆ ಹಾಕೋಣ?

ನಮ್ಮ ಊರಿನ ಫುಟ್‌ಬಾಲ್ ಎಂದೂ ಟಿಕೆಟ್ ಹಣದಿಂದ ಬೆಳೆದದ್ದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬಾಂಬೆಯ ಹೆಸರಾಂತ ಟೂರ್ನಿ ರೋವರ್ಸ್ ಕಪ್ ಗೆದ್ದಿತು. ಆಮೇಲೆ ಐಟಿಐ (ದೂರವಾಣಿ ಕಾರ್ಖಾನೆ), ಎಚ್‌ಎಎಲ್ (ವಿಮಾನ ಕಾರ್ಖಾನೆ) ತಂಡಗಳ ಕಾಲ. ನಮ್ಮಪ್ಪ ಐಟಿಐ ಉದ್ಯೋಗಿ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ನನ್ನನ್ನು ಅಶೋಕನಗರದ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಆಡುತ್ತಿದ್ದವರಿಗೆ ಕಾರ್ಖಾನೆಯಲ್ಲಿ ಕೆಲಸ, ತಿಂಗಳ ಸಂಬಳ, ಪಿಂಚಣಿ ಇತ್ತು. ಗ್ಯಾಲರಿಯಲ್ಲಿ ನೂರು ಜನರಿದ್ದರೂ ಸಾವಿರ ಜನರಿದ್ದರೂ ಅದು ಬದಲಾಗುತ್ತಿರಲಿಲ್ಲ. ಅದೇ ಮೈದಾನದಲ್ಲಿ ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾಗಿ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. ಅಲ್ಲಿ ಕೂರಬಹುದಾಗಿದ್ದದ್ದು ಒಂಬತ್ತು ಸಾವಿರಕ್ಕಿಂತ ಕಡಿಮೆ ಜನ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದೇ, 2018-19ರಲ್ಲಿ ಐಎಸ್‌ಎಲ್ ಗೆದ್ದದ್ದೂ ಇದೇ. ಬಳ್ಳಾರಿಯ ಬಿಸಿಲಿನಲ್ಲಿ ಹುಡುಗರಿಗೆ ಅಕಾಡೆಮಿ ನಡೆಸುವ ದುಡ್ಡು ಕ್ಲಬ್ಬಿನ ಮಾಲೀಕರಾದ ಉಕ್ಕಿನ ಕಂಪನಿಯದು. ಕೊಚ್ಚಿಯಲ್ಲಿ ಹೆಗಲ ಮೇಲೆ ಹೊತ್ತು ಮೆರೆಸಿದ ಸಿ.ಕೆ. ವಿನೀತ್ ಕೂಡ 2015 ಮತ್ತು 2016ರಲ್ಲಿ ಬೆಂಗಳೂರಿನ ಆಟಗಾರ, ಅಲ್ಲಿಗೆ ಎರವಲು ಹೋದವರು.

ಕಂಪನಿಗೂ ಒಂದು ದಿನ ಸಾಕಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಐಟಿಐ ತಂಡ ಏನಾಯಿತೆಂದು ನೋಡಿದವನು ನಾನು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಾಗ ಆ ಪ್ರಕಟಣೆಯನ್ನು ಎರಡು ಸಲ ಓದಿದೆ. ಗೆಳೆಯರು ಅಂದು ನನ್ನನ್ನು ಕೆಣಕಲಿಲ್ಲ, ಚಹಾ ತಂದುಕೊಟ್ಟರು. ಕೆಣಕಲು ಅವರಿಗೂ ಆಗುತ್ತಿರಲಿಲ್ಲ ಬಿಡಿ. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವೆ 2010ರಲ್ಲಿ ಆದ ಹದಿನೈದು ವರ್ಷದ ಒಪ್ಪಂದ, ವರ್ಷಕ್ಕೆ 50 ಕೋಟಿಯದು, ಡಿಸೆಂಬರ್‌ಗೆ ಮುಗಿಯುವುದರಲ್ಲಿತ್ತು. ಮುಂದೇನೆಂದು ತೀರ್ಮಾನವಾಗದೆ ಜುಲೈನಲ್ಲೇ ಲೀಗನ್ನು ತಡೆಹಿಡಿದಿದ್ದರು. ಒಂದು ಸಹಿ ಬೀಳಲಿಲ್ಲವೆಂದು ಕೊಚ್ಚಿಯಲ್ಲೂ ಆಟ ಶುರುವಾಗಲಿಲ್ಲ. ರೈಲ್ವೆ ನಿಲ್ದಾಣದಲ್ಲಿ ತಡೆದು ನಿಲ್ಲಿಸುತ್ತೇವೆ ಎನ್ನುವ ಆ ಐವತ್ತು ಸಾವಿರ ಜನ ಅಂದು ಯಾವ ಕಚೇರಿಯ ಬಾಗಿಲು ತಟ್ಟಬೇಕಿತ್ತು?

ಅಂದ ಹಾಗೆ, ಕಂಠೀರವದಲ್ಲಿ ನಾವಿಬ್ಬರೂ ಕೊನೆಯ ಬಾರಿ ಜೊತೆಗೆ ನೋಡಿದ ಪಂದ್ಯದ ಎರಡೂ ಟಿಕೆಟ್ ಕೊಂಡದ್ದು ನಾನು. ಗ್ಯಾಲರಿಯ ಲೆಕ್ಕ ಇಷ್ಟು ಚೆನ್ನಾಗಿ ಇಡುವ ಗೆಳೆಯರು ತಮ್ಮ ಪಾಲನ್ನು ಇನ್ನೂ ಕೊಟ್ಟಿಲ್ಲ.