ಮೇಜು ಬೇಡ, ಮೇಜಿನ ಮುಚ್ಚಳ ಮಾಡಿ

ನಮ್ಮ ಕಲಬುರಗಿ ಕಡೆಯ ಪತ್ರಿಕೆಗಳಲ್ಲಿ ಇಸ್ಪೀಟಿಗೆ ಮೀಸಲಾದ ಜಾಗ ಒಂದೇ, ಅಪರಾಧ ಸುದ್ದಿಯ ಮೂಲೆ. ಅಂದರ್ ಬಾಹರ್ ಅಡ್ಡೆಯ ಮೇಲೆ ದಾಳಿ, ಇಷ್ಟು ಮಂದಿ ವಶಕ್ಕೆ, ಇಷ್ಟು ನಗದು ಜಪ್ತಿ. ಹೀಗಾಗಿ ಪೋಕರ್ ಆಡಲು ಮನೆಯಲ್ಲೇ ಮೇಜು ಮಾಡಿಕೊಂಡಿದ್ದೇನೆ ಎಂದರೆ ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ, ದನಿ ತಾನಾಗಿಯೇ ತಗ್ಗುತ್ತದೆ.

ಅದನ್ನು ಮೊದಲೇ ಮುಗಿಸಿಬಿಡೋಣ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 87ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವವರಿಗೆ ಸಂಬಂಧಿಸಿದ್ದು. ನಮ್ಮ ಆಟದಲ್ಲಿ ಹಣವೇ ಇಲ್ಲ, ಸ್ಥಳ ನನ್ನ ಮನೆಯ ಪಡಸಾಲೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಇನ್ನು ಮೊಬೈಲಿನಲ್ಲಿ ಹಣ ಕಟ್ಟಿ ಆಡುತ್ತಿದ್ದವರ ಕಥೆಗಳು ನಮ್ಮ ಓಣಿಯಲ್ಲೂ ಇವೆ, ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಾಗ ನನಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಎದುರಿಗೆ ಕುಳಿತವನ ಮುಖ ಕಾಣದ ಇಸ್ಪೀಟು ನನ್ನ ಪ್ರಕಾರ ಇಸ್ಪೀಟೇ ಅಲ್ಲ.

ಈಗ ಮೇಜಿನ ಮಾತು.

ಇಷ್ಟು ದಿನ ಜಮಖಾನೆ ಹಾಸಿ ನೆಲದ ಮೇಲೆ ಆಡಿದವರು ನಾವು. ಈಗ ಗೆಳೆಯರ ಮೊಣಕಾಲುಗಳು ಒಪ್ಪುವುದಿಲ್ಲ. ಆನ್‌ಲೈನ್‌ನಲ್ಲಿ ಸಿದ್ಧ ಮೇಜುಗಳ ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಿತ್ತಾಳೆಯ ಲೋಟ ಹಿಡಿಕೆ, ಅಂಚಿನಲ್ಲಿ ದೀಪದ ಸಾಲು, ಸಿಂಹದ ಪಾದದಂಥ ಕಾಲು. ಆಟಕ್ಕೆ ಇವುಗಳಿಂದ ಆಗುವ ಉಪಯೋಗ ಸೊನ್ನೆ. ನನ್ನ ವಾದ ಇಷ್ಟೇ: ಎಲೆ ಮುಟ್ಟುವ ಜಾಗಕ್ಕೆ ಮತ್ತು ಮೊಣಕೈ ಊರುವ ಜಾಗಕ್ಕೆ ಖರ್ಚು ಮಾಡಿ. ಉಳಿದದ್ದಕ್ಕೆ ಒಂದು ಪೈಸೆಯೂ ಬೇಡ. ಕಾಲುಗಳೂ ಬೇಡ. ಊಟದ ಮೇಜು ಮನೆಯಲ್ಲಿ ಇದ್ದೇ ಇರುತ್ತದೆ. ಅದರ ಮೇಲೆ ಇಡುವ ಮುಚ್ಚಳವೊಂದನ್ನು ಮಾಡಿಕೊಂಡರೆ ಸಾಕು. ಆಟ ಮುಗಿದ ಮೇಲೆ ಇಬ್ಬರು ಎತ್ತಿ ಬಾಗಿಲ ಹಿಂದೆ ಗೋಡೆಗೆ ಒರಗಿಸಿದರೆ ಮನೆಯವರ ಅರ್ಧ ತಕರಾರು ಅಲ್ಲಿಗೇ ನಿಲ್ಲುತ್ತದೆ.

ಪ್ಲೈವುಡ್ 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಾಗಿ ಬರುತ್ತದೆ. 18 ಮಿಲಿಮೀಟರ್ ದಪ್ಪದ್ದನ್ನೇ ತೆಗೆದುಕೊಳ್ಳಿ, 12ರದ್ದು ಮೊಣಕೈ ಊರಿದರೆ ಬಾಗುತ್ತದೆ. ಅಂಗಡಿಯವರು ‘ಸರ್, ನೀರು ಬಿದ್ದರೂ ಏನೂ ಆಗದ ಮೆರೈನ್ ಒಯ್ಯಿರಿ’ ಎನ್ನುತ್ತಾರೆ. ಚಹಾ ಚೆಲ್ಲುವುದು ಬಿಟ್ಟರೆ ನಮ್ಮ ಪಡಸಾಲೆಗೆ ಯಾವ ಸಮುದ್ರವೂ ಬರುವುದಿಲ್ಲ, ಸಾಧಾರಣ ದರ್ಜೆ ಸಾಕು. ಹಾಳೆಯನ್ನು ಅಂಗಡಿಯಲ್ಲೇ ನಡುವೆ ಕೊಯ್ಯಿಸಿದರೆ 4 ಅಡಿಯ ಎರಡು ಚೌಕ ಸಿಗುತ್ತವೆ. ಪ್ರತಿ ಮೂಲೆಯಿಂದ ಎರಡೂ ಬದಿಗೆ 14 ಇಂಚು ಗುರುತು ಹಾಕಿ, ಗೆರೆ ಎಳೆದು ಮೂಲೆ ಹಾರಿಸಿದರೆ ಹೆಚ್ಚುಕಡಿಮೆ 20 ಇಂಚಿನ ಎಂಟು ಬದಿಗಳ ಹಲಗೆ. ಎಂಟು ಮಂದಿ ಒತ್ತಿಕೊಂಡು, ಆರು ಮಂದಿ ಆರಾಮವಾಗಿ ಕೂರಬಹುದು. ದುಂಡಗೆ ಕೊಯ್ಯಲು ಬಡಗಿಯ ಕೈ ಬೇಕು. ಎಂಟು ಮೂಲೆಗೆ ನೇರ ಗೆರೆಯೊಂದೇ ಸಾಕು.

ಒಂದು ಹಲಗೆ ಅಡಿಪಾಯ. ಇನ್ನೊಂದರಲ್ಲಿ ಅಂಚಿನಿಂದ 4 ಇಂಚು ಒಳಗೆ ಮತ್ತೊಂದು ಎಂಟು ಮೂಲೆ ಬರೆದು, ಮೂಲೆಯಲ್ಲಿ ಡ್ರಿಲ್‌ನಿಂದ ತೂತು ಮಾಡಿ, ಅಲ್ಲಿಂದ ಜಿಗ್‌ಸಾ ಇಳಿಸಿ ಕೊಯ್ಯಬೇಕು. ಹೊರಗಿನ ಬಳೆ ಕೈ ಊರುವ ಅಂಚಾಗುತ್ತದೆ, ಒಳಗಿನ 40 ಇಂಚಿನ ತುಂಡು ಆಡುವ ಮೈಯಾಗುತ್ತದೆ. ಒಂದೇ ಹಾಳೆಯಲ್ಲಿ ಎಲ್ಲವೂ ಮುಗಿಯಿತು. ಆದರೆ ಒಳತುಂಡನ್ನು ಇದ್ದ ಹಾಗೇ ಬಟ್ಟೆ ಸುತ್ತಿ ಕೂರಿಸಲು ಹೋದರೆ ಅದು ಬಳೆಯೊಳಗೆ ಇಳಿಯುವುದೇ ಇಲ್ಲ, ಬಟ್ಟೆ ಮತ್ತು ಬಳೆಗೆ ಹೊದಿಸುವ ರೆಕ್ಸಿನ್ನಿನ ದಪ್ಪ ಅಡ್ಡ ಬರುತ್ತದೆ. ಸುತ್ತಲೂ ಕಾಲು ಇಂಚು ಹೆರೆದುಕೊಳ್ಳಬೇಕು. ಒಳತುಂಡಿಗೆ ಮೊಳೆ ಹೊಡೆಯಬೇಡಿ, ಸುಮ್ಮನೆ ಕೂರಿಸಿ. ಚಹಾದ ಕಲೆಯಾದ ದಿನ ಎತ್ತಿ ಬಟ್ಟೆ ಬದಲಿಸಬಹುದು. ಬಳೆಯನ್ನು ಮಾತ್ರ ಅಡಿಹಲಗೆಯ ಕೆಳಗಿನಿಂದ ಒಂದೂಕಾಲು ಇಂಚಿನ ಸ್ಕ್ರೂ ಹಾಕಿ ಬಿಗಿಯಿರಿ. ಎರಡು ಹಲಗೆ ಸೇರಿ 36 ಮಿಲಿಮೀಟರ್ ಆಗುವುದರಿಂದ ತುದಿ ಮೇಲೆ ಇಣುಕುವುದಿಲ್ಲ.

ಬಟ್ಟೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಲ್ಲರೂ ಮೊದಲು ಹೇಳುವುದು ವೆಲ್ವೆಟ್. ನೋಡಲು ಚಂದ, ಆಡಲು ದಂಡ. ಎಲೆ ಹಂಚಿದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ, ಕೂದಲು ಧೂಳೆಲ್ಲ ಮೈಗಂಟಿಸಿಕೊಳ್ಳುತ್ತದೆ. ಹೊಳೆಯುವ ಸನ್‌ಮೈಕಾ ಇನ್ನೂ ಕೆಟ್ಟದ್ದು. ದೀಪದ ಬೆಳಕಿನಲ್ಲಿ ಹಂಚುವವನ ಕೈಯಿಂದ ಎಲೆ ಜಾರುವಾಗ ಅದರ ಮುಖ ಕೆಳಗೆ ಪ್ರತಿಬಿಂಬಿಸಿ, ಕಣ್ಣು ಚುರುಕಿದ್ದವನಿಗೆ ರಾಜನೋ ಗುಲಾಮನೋ ಗೊತ್ತಾಗಿಹೋಗುತ್ತದೆ. ಒಬ್ಬ ಗೆಳೆಯನ ಸಲಹೆ ಅಪ್ಪಟ ನಮ್ಮ ಜಿಲ್ಲೆಯದು: ‘ಶಹಾಬಾದ್ ಫರಸಿ ಕಲ್ಲು ಹಾಕಿಬಿಡು, ಬೇಸಿಗೆಯಲ್ಲಿ ತಂಪು, ಸಾಯುವವರೆಗೆ ಸವೆಯುವುದಿಲ್ಲ.’ ಅದನ್ನು ಬಾಗಿಲ ಹಿಂದೆ ಒರಗಿಸುವವರು ಯಾರು ಎಂದು ಕೇಳಿದ ಮೇಲೆ ಸುಮ್ಮನಾದ.

ಕಲ್ಲಿಗೆ, ಬರಿಯ ಹಲಗೆಗೆ ಇನ್ನೊಂದು ತೊಂದರೆಯಿದೆ, ಅದು ಆಡಿದವರಿಗೇ ಗೊತ್ತು. ಗಟ್ಟಿ ಮೈಯ ಮೇಲೆ ಅಂಗಾತ ಬಿದ್ದ ಎಲೆಯ ಕೆಳಗೆ ಉಗುರು ತೂರುವುದಿಲ್ಲ. ನಾವು ಆಡುವ ಬಗೆಯ ಪೋಕರಿನಲ್ಲಿ ನಿಮಗೆ ಸಿಗುವುದು ಎರಡೇ ಗುಟ್ಟಿನ ಎಲೆ, ಉಳಿದ ಐದು ನಡುವೆ ಎಲ್ಲರಿಗೂ ಸೇರಿದವು. ಆ ಎರಡನ್ನು ಮೇಜಿನಿಂದ ಪೂರ್ತಿ ಎತ್ತದೆ, ಅಂಗೈ ಮರೆ ಮಾಡಿ, ಹೆಬ್ಬೆರಳಿನಿಂದ ಮೂಲೆಯಷ್ಟೇ ಬಾಗಿಸಿ ನೋಡಬೇಕು. ಬೆರಳೊತ್ತಿದರೆ ತುಸು ತಗ್ಗುವ ಮೈ ಇದ್ದರೆ ಮಾತ್ರ ಇದು ಸಲೀಸು. ಅದಕ್ಕೇ ಬಟ್ಟೆಯ ಕೆಳಗೆ ತೆಳ್ಳನೆಯ, ಗಟ್ಟಿಯಾದ ಫೋಮ್ ಬೇಕು. ಹಾಸಿಗೆಯ ಮೆತ್ತನೆ ಫೋಮ್ ಹಾಕಿದರೆ ಚಹಾ ಲೋಟ ವಾಲುತ್ತದೆ. ಫೋಮ್ ಬೇಡವೆನ್ನುವವರು ಹಳೆಯ ಕುರಿ ಕಂಬಳಿಯನ್ನು ಎರಡು ಪದರ ಹಾಸಿ ನೋಡಿ, ನನಗೆ ಅದೇ ಹೆಚ್ಚು ಹಿಡಿಸಿತು.

ಮೇಲಿನ ಬಟ್ಟೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಟ್ಟೆ ಅಂಗಡಿಗೆ ಹೋಗಿ ಶಾಲಾ ಸಮವಸ್ತ್ರದ ಟೆರಿಕಾಟ್ ಕೇಳಿ, ಪ್ಯಾಂಟಿಗೆ ಬರುವ ದಪ್ಪದ್ದು. ಪನ್ನಾ, ಅಂದರೆ ಬಟ್ಟೆಯ ಅಗಲ, 58 ಇಂಚು ಇರುತ್ತದೆ, ಒಂದೂಕಾಲು ಮೀಟರಿನಲ್ಲಿ 40 ಇಂಚಿನ ತುಂಡು ಜೋಡಣೆಯಿಲ್ಲದೆ ಮುಚ್ಚಿ, ಅಡಿಗೆ ಮಡಚಿ ಪಿನ್ನು ಹೊಡೆಯಲೂ ಉಳಿಯುತ್ತದೆ. ಎಲೆ ಜಾರಬೇಕಾದಷ್ಟು ಜಾರುತ್ತದೆ, ಫ್ಯಾನಿನ ಗಾಳಿಗೆ ಹಾರುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ಮುಟ್ಟುವ ಊರಿನಲ್ಲಿ ಫ್ಯಾನ್ ನಿಲ್ಲಿಸಿ ಆಡಿ ಎಂದು ಹೇಳುವ ಧೈರ್ಯ ಯಾರಿಗಿದೆ? ಅದೇ ಕಾರಣಕ್ಕೆ ಕಾಗದದ ಎಲೆ ಬಿಟ್ಟು ಪ್ಲಾಸ್ಟಿಕ್ಕಿನದನ್ನು ಕೊಳ್ಳಿ. ಬೆವರಿದ ಕೈಗೆ ಕಾಗದದ ಎಲೆ ಉಬ್ಬಿ, ಕಲೆಸಲು ಬರದಂತಾಗುತ್ತದೆ.

ಅಂಚಿನ ಬಳೆಗೆ ರೆಕ್ಸಿನ್ ಹೊದಿಸುವ ಕೆಲಸವನ್ನು ಬೈಕಿನ ಸೀಟ್ ಕವರ್ ಹೊಲಿಯುವವರಿಗೆ ಕೊಡಿ. ಸೋಫಾ ಅಂಗಡಿಯವರು ಹೇಳುವ ದರವೇ ಬೇರೆ. ಇವರಿಗೆ ಡೊಂಕುಡೊಂಕಾದ ಸೀಟಿಗೇ ಸುಕ್ಕಿಲ್ಲದೆ ಎಳೆದು ಪಿನ್ನು ಹೊಡೆದು ರೂಢಿ, ಎಂಟು ಮೂಲೆ ಯಾವ ಲೆಕ್ಕ. ನಾನು ಬಳೆ ಹೊತ್ತೊಯ್ದಾಗ ಆ ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಯಾವ ಗಾಡಿಯದು ರೀ?’ ಎಂದು ಕೇಳಿದರು. ನುಣುಪಾದ ರೆಕ್ಸಿನ್ ಬೇಡ, ಬೇಸಿಗೆಯಲ್ಲಿ ಕೈಗೆ ಅಂಟುತ್ತದೆ. ತರಿತರಿಯಾದದ್ದು ಒಳ್ಳೆಯದು.

ಒಟ್ಟು ಖರ್ಚು 5 ಸಾವಿರದೊಳಗೆ ಮುಗಿಯಿತು. ಅಷ್ಟೂ ಬೇಡವೆನ್ನುವವರು ನಾಲ್ಕು ಜನರ ರಮ್ಮಿಗೆ ಕೇರಂ ಬೋರ್ಡನ್ನು ಮಗುಚಿ ಹಾಕಿ ಮೇಲೆ ಬಟ್ಟೆ ಬಿಗಿದರೂ ನಡೆಯುತ್ತದೆ.

ಹಣವಿಲ್ಲದ ಪೋಕರ್ ಉಪ್ಪಿಲ್ಲದ ಅಡುಗೆ, ಹುಸಿ ಧೈರ್ಯಕ್ಕೆ ಬೆಲೆಯೇ ಇರುವುದಿಲ್ಲ ಎಂದು ವಾದಿಸುವವರಿದ್ದಾರೆ. ಅರ್ಧ ನಿಜ. ಕಳೆದುಕೊಳ್ಳಲು ಏನೂ ಇಲ್ಲದವನು ಪ್ರತಿ ಸುತ್ತಿಗೂ ಎಲ್ಲವನ್ನೂ ಮುಂದೆ ತಳ್ಳುತ್ತಾನೆ. ಅದಕ್ಕೆ ನಮ್ಮ ಮದ್ದು ಸರಳ: ಎಲ್ಲರಿಗೂ ಸಮನಾಗಿ ಹುಣಸೆ ಬೀಜ, ದೊಡ್ಡ ಮೊತ್ತಕ್ಕೆ ಕೇರಂ ಕಾಯಿ. ಖಾಲಿಯಾದವನಿಗೆ ಅಂದು ರಾತ್ರಿ ಮತ್ತೆ ಬೀಜ ಇಲ್ಲ, ಎದ್ದು ಹೋಗಿ ಎಲ್ಲರ ಚಹಾ ಲೋಟ ತೊಳೆಯಬೇಕು. ತೊಗರಿಯ ನಾಡೆಂದು ಮೊದಲು ತೊಗರಿ ಕಾಳನ್ನೇ ಇಟ್ಟಿದ್ದೆವು, ಉರುಳಿ ಉರುಳಿ ಯಾರದ್ದು ಯಾರಿಗೆ ಸೇರಿತೋ ತಿಳಿಯದೆ ಜಗಳವಾಯಿತು. ಲೋಟ ತೊಳೆಯುವ ಶಿಕ್ಷೆ ಬಂದ ಮೇಲೆ, ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಎಣಿಸುವ ಗೆಳೆಯ ಮೂರು ಹುಣಸೆ ಬೀಜ ಮುಂದಿಡಲು ಅಷ್ಟು ಹೊತ್ತು ಯೋಚಿಸುತ್ತಾನೆ.

ಕೊಯ್ದ ಮೂಲೆಗಳನ್ನು ಎಸೆಯಬೇಡಿ. ಎರಡು ಚೌಕಕ್ಕೆ ಎಂಟು ತ್ರಿಕೋನ ಉಳಿಯುತ್ತವೆ, 14 ಇಂಚಿನವು, ಗೋಡೆಯ ಮೂಲೆಗೆ ಸರಿಯಾಗಿ ಕೂರುತ್ತವೆ. ಎರಡನ್ನು ಅವ್ವ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿ ಇಡಲು ಹಾಕಿಸಿಕೊಂಡಳು. ಉಳಿದ ಆರು ಅಟ್ಟದ ಮೇಲಿವೆ, ಊರಿನವರು ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಬಹುದು.